ಪೆಲೆಟ್ ಒಲೆ ಕೆಟ್ಟಿತೆ? ಅಟ್ಟಕ್ಕೆ ಹಾಕುವ ಮುಂಚೆ ಇಷ್ಟು ನೋಡಿ

ಮಿಕ್ಸಿ ಕೆಟ್ಟರೆ ಒರಳುಕಲ್ಲಿದೆ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಪಾತ್ರೆಯಲ್ಲೇ ಬೇಳೆ ಬೇಯಿಸಿಕೊಳ್ಳಬಹುದು. ಆದರೆ ಒಲೆಯೇ ಮುನಿಸಿಕೊಂಡರೆ? ಮನೆಯ ಅಷ್ಟೂ ಕೆಲಸ ನಿಂತುಹೋಗುತ್ತದೆ. ಗಂಡಸರಿಗೆ ಆಫೀಸಿನ ಹೊತ್ತು, ಮಕ್ಕಳಿಗೆ ಸ್ಕೂಲಿನ ಹೊತ್ತು, ನಮಗೆ ಮಾತ್ರ ಹೊಗೆಯ ಹೊತ್ತು!

ಗ್ಯಾಸ್ ಒಲೆ ಕೆಟ್ಟರೆ ರಿಪೇರಿಯವನು ಬೀದಿಗೊಬ್ಬ ಸಿಗುತ್ತಾನೆ. ಪೆಲೆಟ್ ಒಲೆ ಕೆಟ್ಟರೆ ಹಾಗಲ್ಲ. ಮಾರಿದ ಅಂಗಡಿಯವನು ಫೋನ್ ಎತ್ತುವುದಿಲ್ಲ, ಎತ್ತಿದರೂ "ಅದರ ಪಾರ್ಟ್ ಬರೋದು ನಿಂತುಹೋಯ್ತಮ್ಮಾ, ಹೊಸದು ತಗೊಳ್ಳಿ" ಅನ್ನುತ್ತಾನೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಎರಡು ಮೂರು ಸಾವಿರ ಕೊಟ್ಟು ತಂದ ಒಲೆ ಅಟ್ಟ ಸೇರಿದೆ, ಇಲ್ಲವೆ ಗುಜರಿಯವನ ತಕ್ಕಡಿ ಹತ್ತಿದೆ. ನಾನು ಬಿಚ್ಚಿ ನೋಡಿದ ನಾಲ್ಕಾರು ಒಲೆಗಳಲ್ಲಿ ಒಂದೂ ನಿಜವಾಗಿ ಸತ್ತಿರಲಿಲ್ಲ. ಒಂದಕ್ಕೆ ಉಸಿರು ಕಟ್ಟಿತ್ತು, ಇನ್ನೊಂದಕ್ಕೆ ಹೊಟ್ಟೆಗೆ ಹಾಕಿದ ಆಹಾರ ಒಗ್ಗಿರಲಿಲ್ಲ, ಅಷ್ಟೇ!

ಸೋದರಿಯರೇ, ಇದನ್ನು ಸರಿಮಾಡಲು ಇಂಜಿನಿಯರಿಂಗ್ ಓದಬೇಕಿಲ್ಲ. ನಾನು ಹೈಸ್ಕೂಲು ದಾಟಿದವಳಲ್ಲ. ಬೇಕಾದದ್ದು ಒಂದು ಸ್ಕ್ರೂ ಡ್ರೈವರ್, ಹಳೆಯ ಟೂತ್ ಬ್ರಷ್, ಒಂದು ಸೈಕಲ್ ಕಡ್ಡಿ, ಒಂದು ಜರಡಿ, ಹೊಲಿಗೆ ಯಂತ್ರದ ಎಣ್ಣೆ, ಮತ್ತು ಸ್ವಲ್ಪ ತಾಳ್ಮೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವುದು ಇಲ್ಲಿಯೂ ನಿಜ. ಕೆಸರಿನ ಬದಲು ಮಸಿ, ಅಷ್ಟೇ ವ್ಯತ್ಯಾಸ.

ಯಾವ ಒಲೆಯ ಮಾತು ಇದು?

ಪೆಲೆಟ್ ಎಂದರೆ ಗರಗಸದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದ್ದನ್ನು ಒಣಗಿಸಿ, ಪುಡಿಮಾಡಿ, ಯಂತ್ರದಲ್ಲಿ ಒತ್ತಿ ತೆಗೆದ ಸಣ್ಣ ತುಂಡು. ಹಸುವಿಗೆ ಹಾಕುವ ಪಶು ಆಹಾರದ ತುಂಡಿನ ಹಾಗೆಯೇ ಕಾಣುತ್ತದೆ. ಅಂಟು ಏನೂ ಬೇಕಿಲ್ಲ. ಒತ್ತಡದ ಬಿಸಿಗೆ ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಮೆತ್ತಗಾಗಿ ತಾನೇ ಹಿಡಿದುಕೊಳ್ಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ಮನೆ ಬೆಚ್ಚಗಿಡಲು ಇದೇ ಪೆಲೆಟ್ ಸುಡುವ ದೊಡ್ಡ ದೊಡ್ಡ ಹೀಟರುಗಳಿವೆ. ಅವುಗಳಲ್ಲಿ ಪೆಲೆಟ್ಟನ್ನು ತಳ್ಳುವ ತಿರುಪು, ತಾನಾಗಿ ಹೊತ್ತಿಸುವ ವ್ಯವಸ್ಥೆ ಎಲ್ಲ ಉಂಟು. ಅದು ಬೇರೆಯೇ ಜಾತಿ. ನಾನು ಹೇಳುತ್ತಿರುವುದು ನಮ್ಮ ಹಿತ್ತಿಲಿನಲ್ಲೋ ಜಗುಲಿಯಲ್ಲೋ ಇಟ್ಟುಕೊಳ್ಳುವ, ಕೆಳಗೆ ಸಣ್ಣ ಫ್ಯಾನ್ ಇರುವ, ಅಡುಗೆಗೆಂದೇ ಮಾಡಿದ ಅಗ್ಗದ ಒಲೆಯ ಮಾತು.

ಈ ಒಲೆಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ವಿಭಾಗದವರು ಮಾಡಿದ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಹಳ್ಳಿಗಳ ಹಿರಿಯರಿಗೆ ನೆನಪಿರಬಹುದು. ಅದೇ ಸಂಸ್ಥೆಯ ವಿಜ್ಞಾನಿಗಳ ತಂತ್ರದಿಂದ 2006ರಲ್ಲಿ 'ಊರ್ಜಾ' ಎಂಬ ಪೆಲೆಟ್ ಒಲೆ ಮಾರುಕಟ್ಟೆಗೆ ಬಂತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಕಡೆಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮನೆಗಳನ್ನು ಸೇರಿದವು. ಆಮೇಲೆ ಪೆಲೆಟ್ಟಿನ ಬೆಲೆ ಏರಿತು, ಕೊಳ್ಳುವವರು ಕಡಿಮೆಯಾದರು. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಗ್ಯಾಸ್ ಇಲ್ಲದ ಎಷ್ಟೋ ಮನೆಗಳಿಗೆ ಗ್ಯಾಸ್ ಬಂತು. ಹಾಗಿದ್ದರೂ ಸ್ನಾನದ ನೀರಿಗೆ, ಹಬ್ಬದ ದೊಡ್ಡ ಅಡುಗೆಗೆ, ಹಪ್ಪಳದ ಹಿಟ್ಟು ಕಾಯಿಸುವುದಕ್ಕೆ ಹಿತ್ತಿಲ ಒಲೆ ಬೇಕೇ ಬೇಕು ಅನ್ನುವ ಮನೆಗಳು ಇನ್ನೂ ಎಷ್ಟೋ ಇವೆ. ಅವರಿಗೆಂದು ಈಗ ಬೇರೆ ಬೇರೆ ತಯಾರಕರ ಅಗ್ಗದ ಒಲೆಗಳು ಬರುತ್ತಿವೆ.

ಒಲೆ ಉರಿಯುವುದು ಹೇಗೆ?

ಇದನ್ನು ತಿಳಿದುಕೊಂಡರೆ ಅರ್ಧ ರಿಪೇರಿ ಮುಗಿದ ಹಾಗೆ. ನಮ್ಮ ಅಜ್ಜಿಯಂದಿರು ಸೌದೆ ಒಲೆಯ ಮುಂದೆ ಕೂತು ಊದುಗೊಳವೆಯಿಂದ ಊದುತ್ತಿದ್ದರು. ಊದಿದಾಗ ಹೊಗೆ ಹೋಗಿ ಉರಿ ಏಳುತ್ತಿತ್ತು. ಹೊಗೆಯೇನು ಬೇರೆ ವಸ್ತುವಲ್ಲ, ಸುಡದೆ ಉಳಿದ ಸೌದೆಯೇ ಹೊಗೆ. ಅದಕ್ಕೆ ಗಾಳಿ ಸಿಕ್ಕರೆ ಅದೂ ಉರಿಯುತ್ತದೆ. ಪೆಲೆಟ್ ಒಲೆಯಲ್ಲಿ ಊದುಗೊಳವೆಯ ಕೆಲಸವನ್ನು ಫ್ಯಾನ್ ಮಾಡುತ್ತದೆ.

ಫ್ಯಾನಿನ ಗಾಳಿ ಎರಡು ದಾರಿಯಲ್ಲಿ ಹೋಗುತ್ತದೆ. ಸ್ವಲ್ಪ ಗಾಳಿ ತಳದ ಜಾಲರಿಯಿಂದ ಮೇಲಕ್ಕೆ ಬಂದು ಪೆಲೆಟ್ಟನ್ನು ಬಿಸಿಮಾಡಿ ಅನಿಲವನ್ನು ಬಿಡಿಸುತ್ತದೆ. ಉಳಿದ ಗಾಳಿ ಒಲೆಯ ಎರಡು ಗೋಡೆಗಳ ನಡುವೆ ಹತ್ತಿ, ಬಾಯಿಯ ಹತ್ತಿರ ಸುತ್ತಲೂ ಇರುವ ಸಣ್ಣ ತೂತುಗಳಿಂದ ಒಳಗೆ ನುಗ್ಗಿ ಆ ಅನಿಲವನ್ನು ಉರಿಸುತ್ತದೆ. ಬೆಂಕಿ ಹಚ್ಚುವುದು ಮೇಲಿನಿಂದ, ಅದು ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ. ಕೊನೆಗೆ ಕೆಂಡ ಮಾತ್ರ ಉಳಿಯುತ್ತದೆ.

ಹಾಗಾದರೆ ಈ ಒಲೆಗೆ ಬೇಕಾದ್ದು ಮೂರೇ: ಒಣಗಿದ ಪೆಲೆಟ್, ಮೇಲಿನಿಂದ ಹಚ್ಚಿದ ಬೆಂಕಿ, ಅಡ್ಡಿಯಿಲ್ಲದ ಗಾಳಿ. ಯಾವ ತೊಂದರೆ ಬಂದರೂ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಸುಲಭದ್ದು ಮೊದಲು, ಸ್ಕ್ರೂ ಬಿಚ್ಚುವುದು ಆಮೇಲೆ.

ಮೊದಲು ಪೆಲೆಟ್ ನೋಡಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆಲೆಟ್ ಥಂಡಿ ಹಿಡಿದಿದ್ದರೆ ನಾವು ಬೈಯುವುದು ಮಾತ್ರ ಒಲೆಯನ್ನು!

ಒಂದು ಪೆಲೆಟ್ ಕೈಗೆತ್ತಿಕೊಂಡು ಮುರಿಯಿರಿ. ಒಳ್ಳೆಯದಾದರೆ 'ಟಕ್' ಎಂದು ಮುರಿಯುತ್ತದೆ, ಮೈ ನುಣ್ಣಗೆ ಹೊಳೆಯುತ್ತಿರುತ್ತದೆ. ಒಂದು ಲೋಟ ನೀರಿಗೆ ಹಾಕಿ ನೋಡಿ. ಗಟ್ಟಿಯಾಗಿ ಒತ್ತಿದ ಪೆಲೆಟ್ ಮುಳುಗುತ್ತದೆ, ಸ್ವಲ್ಪ ಹೊತ್ತಿಗೆ ಉಬ್ಬಿ ಹೊಟ್ಟಾಗುತ್ತದೆ. ಕೈಯಲ್ಲೇ ಮೆತ್ತಗೆ ಪುಡಿಯಾಗುವುದು, ಊದಿಕೊಂಡು ಬಿರುಕುಬಿಟ್ಟಿರುವುದು ಥಂಡಿ ಹಿಡಿದದ್ದು. ಒಳ್ಳೆಯ ಪೆಲೆಟ್ಟಿನಲ್ಲಿ ನೀರಿನಂಶ ನೂರಕ್ಕೆ 10 ಪಾಲಿಗಿಂತ ಕಡಿಮೆ ಇರಬೇಕು. ಒಮ್ಮೆ ಉಬ್ಬಿದ್ದನ್ನು ಬಿಸಿಲಿಗೆ ಹಾಕಿದರೆ ಒಣಗುತ್ತದೆಯೇ ಹೊರತು ಮತ್ತೆ ಗಟ್ಟಿಯಾಗುವುದಿಲ್ಲ. ಅದನ್ನು ಹಂಡೆ ಒಲೆಗೆ ಸೌದೆಯ ಜೊತೆ ಹಾಕಿ ಮುಗಿಸಿಬಿಡಿ.

ಇನ್ನೊಂದು ಪುಡಿ. ಚೀಲದ ತಳದಲ್ಲಿ ಹೊಟ್ಟು ಕೂತಿರುತ್ತದೆ. ಅದನ್ನೂ ಸೇರಿಸಿ ಒಲೆಗೆ ಸುರಿದರೆ ಪೆಲೆಟ್ಟುಗಳ ನಡುವಿನ ಸಂದು ಮುಚ್ಚಿಹೋಗಿ ಗಾಳಿ ಮೇಲೆ ಬರುವುದೇ ಇಲ್ಲ. ರವೆ ಜರಡಿ ಹಿಡಿಯುವ ಹಾಗೆ ಪೆಲೆಟ್ಟನ್ನೂ ಒಮ್ಮೆ ಜರಡಿ ಹಿಡಿಯಿರಿ. ಚೀಲವನ್ನು ಸಿಮೆಂಟು ನೆಲದ ಮೇಲೆ ಇಡಬೇಡಿ. ಮುಚ್ಚಳವಿರುವ ಡ್ರಮ್ಮಿನಲ್ಲೋ ಎಣ್ಣೆ ಡಬ್ಬದಲ್ಲೋ ತುಂಬಿ, ಮಣೆಯ ಮೇಲೆ ಇಡಿ. ಆಷಾಢದ ಗಾಳಿ ಮಳೆಗೆ ಉಪ್ಪಿನ ಜಾಡಿಯೇ ನೀರಾಗುತ್ತದೆ, ಪೆಲೆಟ್ ಬಿಟ್ಟೀತೆ?

ಬೂದಿಯ ವಿಚಾರವನ್ನೂ ಕೇಳಿ ಕೊಳ್ಳಿರಿ. ಮರದ ಹೊಟ್ಟಿನ ಪೆಲೆಟ್ ಬಹಳ ಕಡಿಮೆ ಬೂದಿ ಬಿಡುತ್ತದೆ. ಭತ್ತದ ಹೊಟ್ಟು ಸೇರಿದ್ದರೆ ಬೂದಿ ಬಹಳ. ಕೆಲವು ಬೂದಿ ಬಿಸಿಗೆ ಕರಗಿ, ಗಾಜಿನಂಥ ಗಟ್ಟಿ ಹೆಂಟೆಯಾಗಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅದು ಒಲೆಯ ಗಂಟಲು ಕಟ್ಟಿದ ಹಾಗೆ.

ನಮ್ಮ ತಿಪಟೂರಿನ ಕಡೆ ತೆಂಗಿನ ಚಿಪ್ಪಿಗೆ ಬರವಿಲ್ಲ. ಪೆಲೆಟ್ ಸಿಗದ ದಿನ ಚಿಪ್ಪನ್ನು ಸಣ್ಣ ಚೂರುಗಳಾಗಿ ಒಡೆದು ಹಾಕಿದರೂ ಈ ಒಲೆ ಉರಿಯುತ್ತದೆ. ಚಿಪ್ಪಿನ ಉರಿ ಬಲು ಜೋರು, ಅಳತೆ ಕಡಿಮೆ ಇರಲಿ. ಪ್ಲಾಸ್ಟಿಕ್ ಚೂರು, ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡು ಮಾತ್ರ ಖಂಡಿತ ಬೇಡ. ಆ ಹೊಗೆ ವಿಷ.

ತುಂಬುವ, ಹಚ್ಚುವ ಕ್ರಮ

ಪೆಲೆಟ್ಟನ್ನು ಬಾಯಿ ತನಕ ತುಂಬಬಾರದು. ಮೇಲಿನ ತೂತುಗಳ ಸಾಲಿಗಿಂತ ಒಂದು ಅಂಗುಲ ಕೆಳಗೇ ನಿಲ್ಲಿಸಿ. ತೂತು ಮುಚ್ಚಿದರೆ ಹೊಗೆಗೆ ಗಾಳಿ ಸಿಗುವುದಿಲ್ಲ. "ಇನ್ನೊಂದು ಹಿಡಿ ಹಾಕಿದರೆ ಸಾರೂ ಆಗಿಹೋಗುತ್ತೆ" ಎಂಬ ಆಸೆಯಿಂದ ತುಂಬಿದ ಆ ಒಂದು ಹಿಡಿಯೇ ಹೊಗೆಗೆ ಕಾರಣ.

ಮೇಲೆ ಒಂದಿಷ್ಟು ಒಣಗಿದ ತೆಂಗಿನ ನಾರು, ಸಣ್ಣ ಚಕ್ಕೆ ಹರಡಿ ಬೆಂಕಿ ಹಚ್ಚಿ. ಫ್ಯಾನನ್ನು ಮೊದಲು ಸಣ್ಣಗೆ ಇಡಿ. ಸುತ್ತಲೂ ಬೆಂಕಿ ಹಿಡಿದ ಮೇಲೆ ಜೋರು ಮಾಡಿ. ಮೊದಲೇ ಜೋರಾಗಿಟ್ಟರೆ ದೀಪಕ್ಕೆ ಊದಿದ ಹಾಗಾಗಿ ಬೆಂಕಿ ಆರಿ ಹೊಗೆ ಏಳುತ್ತದೆ.

ಪಾತ್ರೆಗೂ ಒಲೆಯ ಬಾಯಿಗೂ ನಡುವೆ ಜಾಗ ಇರಬೇಕು. ಹಿಂದಿನವರು ಮೂರು ಒಲೆಗುಂಡು ಇಟ್ಟದ್ದು ಪಾತ್ರೆ ನಿಲ್ಲಲಿ ಎಂದಷ್ಟೇ ಅಲ್ಲ, ಗಾಳಿ ಆಡಲಿ ಎಂದೂ ಹೌದು. ಒಲೆಯ ಮೇಲಿನ ಕಬ್ಬಿಣದ ಕಾಲುಗಳು ಬಗ್ಗಿಹೋಗಿ ಪಾತ್ರೆ ಬಾಯಿಗೆ ಕೂತುಬಿಟ್ಟರೆ ಉರಿ ಎಲ್ಲಿಗೆ ಹೋಗಬೇಕು? ಕಾಲುಗಳನ್ನು ಇಕ್ಕಳದಿಂದ ನೆಟ್ಟಗೆ ಮಾಡಿ, ಇಲ್ಲವೆ ಮೇಲೊಂದು ಕಬ್ಬಿಣದ ಮುಕ್ಕಾಲಿ ಇಡಿ.

ಇನ್ನೊಂದು ಮಾತು. ಉರಿ ಇಳಿದು ಕೆಂಡ ಮಾತ್ರ ಉಳಿದಾಗ "ಒಲೆ ಕೆಟ್ಟಿತು" ಎಂದು ಗಾಬರಿ ಬೇಡ. ಅದು ಈ ಒಲೆಯ ಸ್ವಭಾವ. ಆಗ ಫ್ಯಾನ್ ಕಡಿಮೆ ಮಾಡಿ ಹಾಲು ಕೆನೆಗಟ್ಟಿಸಲು, ಕಾಳು ಮೆತ್ತಗಾಗಿಸಲು ಇಡಬಹುದು. ಇನ್ನೂ ಉರಿ ಬೇಕೆಂದು ಕೆಂಡದ ಮೇಲೆ ರಾಶಿ ಪೆಲೆಟ್ ಸುರಿದರೆ ಹೊಗೆಯ ಮೋಡವೇ ಏಳುತ್ತದೆ.

ಈಗ ಗಾಳಿಯ ದಾರಿ ಹಿಡಿಯಿರಿ

ಪೆಲೆಟ್ ಚೆನ್ನಾಗಿದೆ, ಹಚ್ಚಿದ್ದೂ ಸರಿ, ಆದರೂ ಹೊಗೆ. ಹಾಗಾದರೆ ಗಾಳಿಯೇ ಕಾರಣ. ಒಲೆ ಪೂರ್ತಿ ತಣ್ಣಗಾದ ಮೇಲೆ, ಕರೆಂಟಿನ ತಂತಿ ಕಿತ್ತಿಟ್ಟು ಕೂತುಕೊಳ್ಳಿ. ರಾತ್ರಿ ಉರಿಸಿದ ಒಲೆಯನ್ನು ಬೆಳಿಗ್ಗೆ ನೋಡುವುದೇ ಕ್ಷೇಮ.

ಜಾಲರಿ: ಒಲೆಯನ್ನು ಬೋರಲು ಹಾಕಿ ಬೂದಿ ಕೊಡವಿ. ಜಾಲರಿ ಹೊರಗೆ ಬರುವ ಹಾಗಿದ್ದರೆ ತೆಗೆದು ಬೆಳಕಿಗೆ ಹಿಡಿಯಿರಿ. ಎಲ್ಲ ತೂತುಗಳಲ್ಲೂ ಬೆಳಕು ಕಾಣಬೇಕು. ಗಾಜಿನಂಥ ಹೆಂಟೆ ಕಚ್ಚಿಕೊಂಡಿದ್ದರೆ ಸ್ಕ್ರೂ ಡ್ರೈವರಿನ ತುದಿಯಿಂದ ಮೆತ್ತಗೆ ಎಬ್ಬಿಸಿ. ಸುತ್ತಿಗೆಯಿಂದ ಹೊಡೆಯಬೇಡಿ, ಬೀಡಿನ ಜಾಲರಿಯಾದರೆ ಎರಡು ತುಂಡಾದೀತು.

ಮೇಲಿನ ತೂತುಗಳು: ಇವುಗಳಲ್ಲಿ ಕರಿ ಜಿಡ್ಡು ಕಟ್ಟುತ್ತದೆ. ಸೈಕಲ್ ಕಡ್ಡಿ ತೂರಿಸಿ ಒಂದೊಂದನ್ನೇ ಬಿಡಿಸಿ. ತೂತನ್ನು ಕೊರೆದು ದೊಡ್ಡದು ಮಾಡುವ ಆಸೆ ಬೇಡ, ಅಳತೆ ಲೆಕ್ಕ ಹಾಕಿಯೇ ಅದನ್ನು ಮಾಡಿರುತ್ತಾರೆ.

ಗಾಳಿ ಒಳಗೆ ಬರುವ ಬಾಯಿ: ತಳದಲ್ಲೋ ಪಕ್ಕದಲ್ಲೋ ಫ್ಯಾನಿಗೆ ಗಾಳಿ ಬರಲು ಸೀಳುಗಳಿರುತ್ತವೆ. ಒಲೆಯನ್ನು ಗೋಣಿಯ ಮೇಲೋ, ಗೋಡೆಗೆ ಒತ್ತಿಯೋ ಇಟ್ಟರೆ ಅವು ಮುಚ್ಚಿಹೋಗುತ್ತವೆ. ಗಟ್ಟಿ ನೆಲದ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ.

ಫ್ಯಾನ್ ತಿರುಗದಿದ್ದರೆ

ಹೋದ ವರ್ಷ ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ನಮ್ಮ ಓರಗಿತ್ತಿ ಬಂದು, "ಅಕ್ಕಾ, ನಮ್ಮನೆ ಒಲೆ ಸತ್ತುಹೋಯ್ತು, ಗುಜರಿಯವನು ನೂರಿಪ್ಪತ್ತು ರೂಪಾಯಿ ಕೊಡ್ತೀನಿ ಅಂತಾನೆ" ಅಂದಳು. "ಕೊಡೋಕೆ ಮುಂಚೆ ಇಲ್ಲಿಗೆ ತಗೊಂಡು ಬಾರೇ" ಎಂದೆ. ನಮ್ಮ ಅತ್ತೆಗೆ ಉಬ್ಬಸ. ಅವರ ಮನೆಯಲ್ಲೇ ಆ ವರ್ಷದ ಹಬ್ಬ, ಅವಳು ಸೌದೆ ಒಲೆ ಹೂಡಿದರೆ ಅತ್ತೆ ಹಬ್ಬದ ದಿನ ಪಡಸಾಲೆಯಲ್ಲೂ ಕೂರುವಂತಿರಲಿಲ್ಲ. ತಳದ ನಾಲ್ಕು ಸ್ಕ್ರೂ ಬಿಚ್ಚಿದೆವು. ಫ್ಯಾನಿನ ರೆಕ್ಕೆಗೆ ತೆಂಗಿನ ನಾರು ಸುತ್ತಿಕೊಂಡು, ಮೇಲೆ ಬೂದಿ ಮೆತ್ತಿ, ಮೂಲೆಯಲ್ಲಿ ಜಿರಲೆ ಗೂಡು! ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಇನ್ನು ಸ್ಕೂಟರನ್ನೂ ನೀವೇ ನೋಡ್ಕೊಳ್ಳಿ" ಎಂದು ನಕ್ಕರು. ನಗಲಿ ಬಿಡಿ, ಹಬ್ಬದ ಹೋಳಿಗೆಯ ಹೂರಣ ಬೆಂದದ್ದು ಆ ಒಲೆಯ ಮೇಲೇ.

ಕ್ರಮ ಹೀಗೆ. ಕರೆಂಟು ತೆಗೆದು, ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ಎರಡು ಮೂರು ಸುತ್ತು ತಿರುಗಬೇಕು. ಬಿಗಿ ಇದ್ದರೆ ಒಣಗಿದ ಬ್ರಷ್ಷಿನಿಂದ ಬೂದಿ ತೆಗೆಯಿರಿ, ನಾರನ್ನು ಬಿಡಿಸಿ. ನೀರು ಸೋಕಿಸಬೇಡಿ. ಫ್ಯಾನಿನ ಹಿಂದೆ ನಡುಮಧ್ಯದಲ್ಲಿ ಅಂಟಿಸಿದ ಚೀಟಿ ಇರುತ್ತದೆ. ಅದನ್ನು ಮೆತ್ತಗೆ ಎತ್ತಿದರೆ ಎಷ್ಟೋ ಫ್ಯಾನುಗಳಲ್ಲಿ ಕೀಲು ಕಾಣುತ್ತದೆ. ಅಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಜಿಗುಟಾಗುತ್ತದೆ.

ಸಲೀಸಾಗಿ ತಿರುಗುತ್ತದೆ, ಆದರೆ ಕರೆಂಟು ಕೊಟ್ಟರೆ ಓಡುವುದಿಲ್ಲ ಅಂತೀರಾ? ತಂತಿ ನೋಡಿ. ಒಲೆಯ ಬಿಸಿ ಮೈಗೆ ತಗುಲಿ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿರಬಹುದು, ಬೆಸುಗೆ ಬಿಟ್ಟಿರಬಹುದು. ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಐದು ನಿಮಿಷದಲ್ಲಿ ಬೆಸುಗೆ ಹಾಕಿಕೊಡುತ್ತಾನೆ. ಶಾಖ ತಡೆಯುವ ಕೊಳವೆಯನ್ನು ತಂತಿಗೆ ತೊಡಿಸಿಕೊಡಲು ಹೇಳಿ, ತಂತಿ ಬಿಸಿ ಮೈಗೆ ತಾಗದಂತೆ ಕಟ್ಟಿ.

ತಂತಿಯೂ ಸರಿ ಇದ್ದರೆ ಅಡಾಪ್ಟರ್ ಅಥವಾ ಬ್ಯಾಟರಿ. ಅಡಾಪ್ಟರ್ ಹಾಕಿದಾಗ ಓಡಿ, ಬ್ಯಾಟರಿಯಲ್ಲಿ ಓಡದಿದ್ದರೆ ಬ್ಯಾಟರಿ ಹೋಗಿದೆ. ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಬಿಟ್ಟ ಬ್ಯಾಟರಿ ಹಾಳಾಗುತ್ತದೆ, ಒಲೆ ಉರಿಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹೊಟ್ಟೆ ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಕಸದಲ್ಲಿ ಬಿಸಾಡಬೇಡಿ. ಬೆಂಕಿ ಹತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸ ಫ್ಯಾನ್ ಹಾಕಬೇಕಾದರೆ ಹಳೆಯದನ್ನೇ ಕೈಯಲ್ಲಿ ಹಿಡಿದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ. ಒಲೆ ಮಾರಿದವನೇ ಕೊಡಬೇಕೆಂದೇನಿಲ್ಲ, ಕಂಪ್ಯೂಟರಿನಲ್ಲಿ ಹಾಕುವಂಥ ಫ್ಯಾನನ್ನೇ ಹಲವು ಒಲೆಗಳಲ್ಲಿ ಹಾಕಿರುತ್ತಾರೆ. ಮೂರು ಸಂಗತಿ ಹೊಂದಬೇಕು. ಮೊದಲನೆಯದು ಅಳತೆ. ಎರಡನೆಯದು ವೋಲ್ಟ್. ಚೀಟಿಯ ಮೇಲೆ 12 ವೋಲ್ಟ್ ಎಂದಿದ್ದರೆ 12ರದ್ದೇ, 5 ಎಂದಿದ್ದರೆ 5ರದ್ದೇ ಬೇಕು. ಅಡಾಪ್ಟರಿನ ವೋಲ್ಟೂ ಅಷ್ಟೇ ಇರಬೇಕು, ಅದರ ಆಂಪಿಯರ್ ಮಾತ್ರ ಫ್ಯಾನಿನದಕ್ಕಿಂತ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಮೂರನೆಯದು ಗಾಳಿಯ ದಿಕ್ಕು. ಫ್ಯಾನಿನ ಅಂಚಿನಲ್ಲಿ ಬಾಣದ ಗುರುತಿದ್ದರೆ ಅದು ಒಲೆಯ ಒಳಕ್ಕೆ ನೋಡಬೇಕು. ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅದಲುಬದಲಾದರೆ ಫ್ಯಾನ್ ತಿರುಗದು, ಸುಟ್ಟುಹೋಗಲೂಬಹುದು. ನಮ್ಮ ಒಲೆಗೆ ಹೊಸ ಫ್ಯಾನ್ 250 ರೂಪಾಯಿಗೆ ಸಿಕ್ಕಿತು.

ಒಂದು ಎಚ್ಚರಿಕೆ: ಈ ಫ್ಯಾನಿನ ತಂತಿಯನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಎಂದೂ ಸಿಗಿಸಬೇಡಿ. ಅಲ್ಲಿರುವುದು 230 ವೋಲ್ಟ್, ಪ್ರಾಣಕ್ಕೇ ಅಪಾಯ. ಅಡಾಪ್ಟರನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸವೂ ಬೇಡ, ಬದಲಾಯಿಸಿಬಿಡಿ.

ಹೊಸ ಫ್ಯಾನ್ ಬಾಳಬೇಕಾದರೆ ಅಡುಗೆ ಆದ ಕೂಡಲೇ ಸ್ವಿಚ್ ಆರಿಸಬೇಡಿ. ಮೇಲಿನ ಕೆಂಡದ ಶಾಖ ಕೆಳಗಿಳಿದು ಪ್ಲಾಸ್ಟಿಕ್ ರೆಕ್ಕೆ ಮೆತ್ತಗಾಗುತ್ತದೆ. ಕೆಂಡ ಆರುವ ತನಕ ಸಣ್ಣಗೆ ಓಡಲಿ.

ಒಳಮೈ ಬಿರುಕುಬಿಟ್ಟರೆ

ಒಲೆಯ ಒಳಗೆ ಮಣ್ಣಿನ ಅಥವಾ ಸಿಮೆಂಟಿನಂಥ ಗೋಡೆ ಇರುತ್ತದೆ. ಕೂದಲೆಳೆಯಷ್ಟು ಬಿರುಕಿಗೆ ಹೆದರಬೇಕಿಲ್ಲ. ಚಕ್ಕೆ ಎದ್ದುಹೋಗಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಫೈರ್ ಕ್ಲೇ ತಂದು, ನೀರಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಬಿರುಕನ್ನು ಒದ್ದೆಮಾಡಿ, ಒತ್ತಿ ತುಂಬಿ. ಎರಡು ದಿನ ನೆರಳಲ್ಲಿ ಒಣಗಲಿ. ಮೊದಲ ಸಲ ಸ್ವಲ್ಪವೇ ಪೆಲೆಟ್ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಒಮ್ಮೆಲೇ ಜೋರು ಮಾಡಿದರೆ ಒಳಗಿನ ತೇವ ಆವಿಯಾಗಿ ತೇಪೆ ಸಿಡಿಯುತ್ತದೆ. ಫೈರ್ ಕ್ಲೇ ಸಿಗದಿದ್ದರೆ ಹಿರಿಯರು ಒಲೆ ಹಾಕುತ್ತಿದ್ದ ಹುತ್ತದ ಮಣ್ಣು ಸ್ವಲ್ಪ ಕಾಲ ಬರುತ್ತದೆ. ಉರಿಯುವ ಒಲೆಗೆ ನೀರು ಎರಚಿ ಆರಿಸುವ ಅಭ್ಯಾಸ ಇದ್ದರೆ ಬಿಡಿ, ಗೋಡೆ ಬಿರಿಯುವುದು ಅದರಿಂದಲೇ.

ತಗಡಿನ ಜೋಡಣೆಯ ಸಂದಿನಲ್ಲಿ ಹೊಗೆ ಸೋರುತ್ತಿದ್ದರೆ ಸ್ಕ್ರೂ ಬಿಗಿಮಾಡಿ, ಅಲ್ಲಿಗೂ ಇದೇ ಮಣ್ಣು ಮೆತ್ತಿ. ಕೆಲವರು ಕಲ್ನಾರಿನ ಹಗ್ಗ ತಂದು ಸುತ್ತುತ್ತಾರೆ. ಬೇಡವೇ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಒಂದು ನೋಟಕ್ಕೆ

ಹಚ್ಚಿದ ಕೂಡಲೇ ಹೊಗೆ: ಪೆಲೆಟ್ ಥಂಡಿ, ಇಲ್ಲವೆ ಫ್ಯಾನ್ ಮೊದಲೇ ಜೋರು.

ಚೆನ್ನಾಗಿ ಉರಿಯುತ್ತಿದ್ದು ನಡುವೆ ಹೊಗೆ: ಫ್ಯಾನ್ ನಿಂತಿದೆ, ಅಥವಾ ಜಾಲರಿ ಕಟ್ಟಿದೆ.

ಉರಿ ಕೆಂಪಗಿದ್ದು ಪಾತ್ರೆ ತಳಕ್ಕೆ ಮಸಿ: ಮೇಲಿನ ತೂತು ಮುಚ್ಚಿದೆ, ಪೆಲೆಟ್ ಹೆಚ್ಚು ತುಂಬಿದೆ, ಇಲ್ಲವೆ ಪಾತ್ರೆ ಬಾಯಿಗೆ ಕೂತಿದೆ.

ಉರಿ ಬುಸುಗುಟ್ಟುತ್ತ ಪಾತ್ರೆಯ ಪಕ್ಕಕ್ಕೆ ಹಾರುತ್ತದೆ: ಫ್ಯಾನ್ ಅತಿ ಜೋರು, ಕಡಿಮೆ ಮಾಡಿ.

ಉರಿ ಒಂದೇ ಪಕ್ಕಕ್ಕೆ ವಾಲುತ್ತದೆ: ಆ ಪಕ್ಕದ ಜಾಲರಿಯಲ್ಲೋ ಎದುರು ಪಕ್ಕದ ತೂತಿನಲ್ಲೋ ಏರುಪೇರು ಇದೆ, ಒಲೆಯೂ ಸಮತಟ್ಟಾಗಿ ಕೂತಿದೆಯೇ ನೋಡಿ.

ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಮಾತು

ಇದುವರೆಗೆ ಹೇಳಿದ್ದು ಒಲೆ ಉಳಿಸುವ ಮಾತು. ಈಗ ಹೇಳುವುದು ನಿಮ್ಮನ್ನು ಉಳಿಸುವ ಮಾತು, ದಯವಿಟ್ಟು ಎರಡು ಸಲ ಓದಿ.

ಒಂದು, ಹೊಗೆ ಇಲ್ಲ ಎಂದಾಕ್ಷಣ ವಿಷ ಇಲ್ಲ ಎಂದಲ್ಲ. ಗಾಳಿ ಸಾಲದೆ ಉರಿಯುವ ಒಲೆಯೂ, ನಿಗಿನಿಗಿ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬಿಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿ ಎಂದು ಕೆಂಡದ ಒಲೆಯನ್ನು ಮಲಗುವ ಕೋಣೆಗೆ, ಬಾಣಂತಿ ಕೋಣೆಗೆ, ಬಾಗಿಲು ಮುಚ್ಚಿದ ಬಚ್ಚಲಿಗೆ ಎಂದೂ ತರಬೇಡಿ. ಒಲೆಯ ಹತ್ತಿರ ಇದ್ದಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ "ಪಿತ್ತ" ಎಂದು ನಿಂಬೆಹಣ್ಣಿನ ಪಾನಕ ಕುಡಿದು ಮಲಗಬೇಡಿ. ಕೂಡಲೇ ಎಲ್ಲರನ್ನೂ ಬಯಲಿಗೆ ಕರೆತನ್ನಿ, ಡಾಕ್ಟರಿಗೆ ತೋರಿಸಿ.

ಎರಡು, ಉರಿ ಆರಿ ದಟ್ಟ ಹೊಗೆ ಏಳುತ್ತಿದ್ದರೆ ಆ ಹೊಗೆಯೇ ಉರಿಯುವ ಅನಿಲ. ಬಗ್ಗಿ ನೋಡುತ್ತಾ ಕಡ್ಡಿ ಗೀರಿದರೆ ಭಗ್ಗೆಂದು ಮುಖಕ್ಕೆ ಬಡಿಯುತ್ತದೆ. ಮುಖ ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಗಿಸಿ, ಉದ್ದನೆಯ ಕೋಲಿನ ತುದಿಯ ಬೆಂಕಿಯಿಂದ ಹಚ್ಚಿ. ಬಿಸಿ ಒಲೆಗೆ ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಸುರಿಯುವುದು ಸಾವನ್ನು ಕರೆದ ಹಾಗೆ.

ಮೂರು, ಬೂದಿಯೊಳಗೆ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೋ ತಿಪ್ಪೆಗೋ ಹಾಕದೆ, ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ ಒಂದು ದಿನ ಬಿಡಿ. ಮಾರನೆಯ ದಿನ ಪಾತ್ರೆ ಉಜ್ಜಲೂ ಆಯಿತು, ತೆಂಗಿನ ಬುಡಕ್ಕೂ ಆಯಿತು.

ನಾಲ್ಕು, ಮಕ್ಕಳು. ಹೊಗೆಯಿಲ್ಲದ ಈ ಒಲೆಯ ಮೈ ಸುಡುತ್ತಿದೆಯೆಂದು ಕೂಸಿಗೆ ತಿಳಿಯದು. ತಂತಿಯೂ ಓಡಾಡುವ ದಾರಿಗೆ ಅಡ್ಡ ಬರಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಮನೆಯೊಳಗಿನ ಒಲೆಯ ಹೊಗೆಯಿಂದ 32 ಲಕ್ಷ ಮಂದಿ ತೀರಿಕೊಂಡರು. ಅದರಲ್ಲಿ ಪುಟ್ಟ ಮಕ್ಕಳೂ ಸೇರಿದ್ದಾರೆ. ಆದ್ದರಿಂದ "ಸ್ವಲ್ಪ ಹೊಗೆ ತಾನೇ, ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂದು ಕೆಟ್ಟ ಒಲೆಯಲ್ಲೇ ದಿನ ತಳ್ಳುವುದು ಉಳಿತಾಯವಲ್ಲ. ಸೊಸೆ ಕೆಮ್ಮಿದರೆ ಗಂಟಲು ಕೆರೆತ, ಅತ್ತೆ ಕೆಮ್ಮಿದರೆ ವಯಸ್ಸು ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಒಲೆಯ ಕಡೆ ಯಾರೂ ನೋಡುವುದಿಲ್ಲ!

ವಾರದ ಆರೈಕೆ

ಪ್ರತಿ ದಿನ ಹಚ್ಚುವ ಮುಂಚೆ ಬೂದಿ ಕೊಡವಿ. ವಾರಕ್ಕೊಮ್ಮೆ ಜಾಲರಿಯನ್ನೂ ಮೇಲಿನ ತೂತುಗಳನ್ನೂ ಬಿಡಿಸಿ. ತಿಂಗಳಿಗೊಮ್ಮೆ ತಳ ಬಿಚ್ಚಿ ಫ್ಯಾನಿನ ಧೂಳು ತೆಗೆಯಿರಿ. ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿಟ್ಟುಕೊಳ್ಳಿ, ಇಲ್ಲದಿದ್ದರೆ ಒಂದಾದರೂ ಕಾಣೆಯಾಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಯಾವ ತಂತಿ ಎಲ್ಲಿಗೆ ಎಂಬ ಗೊಂದಲ ಇರದು. ಮಳೆಗಾಲಕ್ಕೆ ಮುಂಚೆ ಒಂದು ಹೆಚ್ಚಿನ ಫ್ಯಾನ್ ತಂದಿಟ್ಟುಕೊಂಡರೆ ಹಬ್ಬದ ಹೊತ್ತಿಗೆ ಪೇಟೆಗೆ ಓಡುವುದು ತಪ್ಪುತ್ತದೆ.

ಒಳಗಿನ ಗೋಡೆ ಪೂರ್ತಿ ಕುಸಿದಿದ್ದರೆ, ತಗಡು ತುಕ್ಕು ಹಿಡಿದು ತೂತು ಬಿದ್ದಿದ್ದರೆ ಮಾತ್ರ ಆ ಒಲೆಗೆ ವಿದಾಯ ಹೇಳಿ. ಆಗಲೂ ಫ್ಯಾನ್, ಅಡಾಪ್ಟರ್, ಜಾಲರಿ ತೆಗೆದಿಟ್ಟುಕೊಳ್ಳಿ. ಹೊಸದು ಕೊಳ್ಳುವಾಗ ಅಂಗಡಿಯವನನ್ನು ಎರಡೇ ಪ್ರಶ್ನೆ ಕೇಳಿ: "ಇದರ ಫ್ಯಾನ್ ಹೊರಗಡೆ ಸಿಗುತ್ತಾ? ಜಾಲರಿ ಕೈಯಲ್ಲಿ ಬಿಚ್ಚಕ್ಕಾಗುತ್ತಾ?" ಎರಡಕ್ಕೂ 'ಹೂಂ' ಎಂದು, ಬಿಚ್ಚಿಯೂ ತೋರಿಸಿದರೆ ಮಾತ್ರ ಪರ್ಸ್ ತೆಗೆಯಿರಿ. ಬಣ್ಣ, ಹೊಳಪು, ಮೇಲಿನ ಚಿತ್ರ ನೋಡಿ ಮರುಳಾಗಬೇಡಿ.

ಇನ್ನು ತಡವೇಕೆ? ಅಟ್ಟದ ಮೇಲಿನ ಒಲೆಯನ್ನು ಈ ಭಾನುವಾರ ಇಳಿಸಿ, ಜಗುಲಿಯ ಮೇಲೆ ಹಳೆಯ ಪೇಪರ್ ಹಾಸಿ ಕೂತುಕೊಳ್ಳಿ. ಮಗಳಿದ್ದರೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಗನಿದ್ದರೆ ಅವನನ್ನೂ. ಸಾರಿಗೆ ಒಗ್ಗರಣೆ ಹಾಕುವುದನ್ನು ಕಲಿಸುವಷ್ಟೇ ಮುಖ್ಯ, ಒಲೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ತೋರಿಸುವುದು.